ಓದುಗರ ಪ್ರಶ್ನೆ, ನಮ್ಮ ಉತ್ತರ: ನಗರಸಭೆಯ ಹಣ ಮೊದಲು ಯಾವ ಕೆಲಸಕ್ಕೆ?

ನಗರಸಭೆ ಮತ್ತು ಪುರಸಭೆಗಳ ದಿನನಿತ್ಯದ ಕೆಲಸಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಿಕೊಂಡಿದ್ದೆವು. ಉತ್ತರ ಕನ್ನಡದಿಂದ ಬಂದ ಪತ್ರಗಳೇ ಈ ಸಲ ಹೆಚ್ಚು. ಒಂದೇ ಬಗೆಯವನ್ನು ಒಟ್ಟುಗೂಡಿಸಿ, ಪ್ರಶ್ನೆಗಳನ್ನು ಸಂಕ್ಷೇಪಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಬೀದಿಯ ಗಟಾರದ ಹೂಳನ್ನು ಪ್ರತಿವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ಎತ್ತುತ್ತಾರೆ. ಎತ್ತಿದ ಹೂಳು ರಸ್ತೆಯ ಅಂಚಿನಲ್ಲೇ ಬಿದ್ದಿರುತ್ತದೆ. ಮೊದಲ ಮಳೆಗೆ ಅದು ಪುನಃ ಗಟಾರಕ್ಕೇ ಇಳಿಯುತ್ತದೆ. ಅದೇ ಬೀದಿಗೆ ಮಾರ್ಚ್ ತಿಂಗಳಲ್ಲಿ ಚೆನ್ನಾಗಿಯೇ ಇದ್ದ ರಸ್ತೆಯ ಮೇಲೆ ಹೊಸ ಕಾಂಕ್ರೀಟ್ ಹಾಕಿದ್ದರು. ಇದಕ್ಕೆ ಯಾವ ಲೆಕ್ಕಾಚಾರವಿದೆ? — ನಿವೃತ್ತ ಶಿಕ್ಷಕರು, ಹಬ್ಬುವಾಡ, ಕಾರವಾರ

ನೀವು ಕಂಡ ಎರಡೂ ಸಂಗತಿಗಳಿಗೆ ಮೂಲ ಒಂದೇ: ಹೊಸ ಕಾಮಗಾರಿಗೆ ಬರುವ ಹಣದ ದಾರಿ ಬೇರೆ, ನಿರ್ವಹಣೆಗೆ ಬೇಕಾದ ಹಣದ ದಾರಿ ಬೇರೆ. ರಸ್ತೆ, ಸೇತುವೆ, ಕಟ್ಟಡಗಳಿಗೆ ಸರ್ಕಾರದ ಅನುದಾನ ಬರುತ್ತದೆ. ಅದಕ್ಕೆ ಕ್ರಿಯಾಯೋಜನೆ ಸಿದ್ಧವಾಗಬೇಕು, ಜಿಲ್ಲಾ ಮಟ್ಟದಲ್ಲಿ ಅನುಮೋದನೆ ದೊರೆಯಬೇಕು, ಅಂದಾಜುಪಟ್ಟಿಗೆ ತಾಂತ್ರಿಕ ಮಂಜೂರಾತಿ ಆಗಬೇಕು, ಮೊತ್ತ 5 ಲಕ್ಷ ರೂಪಾಯಿ ಮೀರಿದರೆ ಸರ್ಕಾರಿ ಖರೀದಿ, ಕಾಮಗಾರಿಗಳಿಗೆ ಅನ್ವಯಿಸುವ ಪಾರದರ್ಶಕ ಕಾಯ್ದೆಯ ಪ್ರಕಾರ ಟೆಂಡರ್ ಕರೆಯಬೇಕು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಕರಾವಳಿಯಲ್ಲಿ ಮಳೆಗಾಲ ಕಳೆದಿರುತ್ತದೆ. ಕಾಮಗಾರಿ ಆರಂಭವಾಗುವುದು ದೀಪಾವಳಿಯ ನಂತರ, ಬಿಲ್ ಆಗಬೇಕಾದದ್ದು ಮಾರ್ಚ್ 31ರ ಒಳಗೆ. ಹೀಗಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಊರಿನ ತುಂಬ ಜಲ್ಲಿ, ಸಿಮೆಂಟ್ ಕಾಣುತ್ತದೆ. ಹೂಳೆತ್ತುವ ಕೆಲಸಕ್ಕೆ ಇಂಥ ಅನುದಾನ ಬರುವುದು ಕಡಿಮೆ. ಅದು ಬಹುಪಾಲು ನಗರಸಭೆಯ ಸ್ವಂತ ನಿಧಿಯಿಂದ, ಅಂದರೆ ನೀವು ಕಟ್ಟುವ ಆಸ್ತಿ ತೆರಿಗೆ, ಮಳಿಗೆ ಬಾಡಿಗೆ ಮತ್ತು ಪರವಾನಗಿ ಶುಲ್ಕದಿಂದ ನಡೆಯಬೇಕು. ಆ ನಿಧಿಯಲ್ಲಿ ಮೊದಲ ಪಾಲು ಸಂಬಳ, ವಾಹನಗಳ ಡೀಸೆಲ್, ವಿದ್ಯುತ್ ಬಿಲ್ಲಿಗೆ ಹೋಗುತ್ತದೆ. ಉಳಿದುದರಲ್ಲಿ ಗಟಾರಕ್ಕೆ ಸಿಗಬೇಕು.

ಕಾರವಾರದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಸಮುದ್ರ, ನಡುವಿನ ತಗ್ಗಿನಲ್ಲಿ ಊರು. ಗುಡ್ಡದಿಂದ ಇಳಿದ ನೀರು ಓಣಿಗಳ ಗಟಾರ ಹಿಡಿದು ಕೋಣೆನಾಲಾದಂಥ ದೊಡ್ಡ ನಾಲಾಗಳನ್ನು ಸೇರಿ ಸಮುದ್ರಕ್ಕೆ ಹೋಗಬೇಕು. ದಿನಕ್ಕೆ ಎರಡು ಸಲ ಭರತ, ಅಂದರೆ ಸಮುದ್ರದ ಉಬ್ಬರ, ಬರುವ ಊರು ಇದು. ಜೋರು ಮಳೆ ಮತ್ತು ಭರತ ಒಂದೇ ಹೊತ್ತಿಗೆ ಬಂದರೆ ನಾಲಾದ ಬಾಯಲ್ಲಿ ನೀರು ಹೊರಹೋಗದೆ ಹಿಂದಕ್ಕೆ ಒತ್ತುತ್ತದೆ. ನಾಲಾದ ಬಾಯಿಗೆ ಮರಳಿನ ದಿಬ್ಬ ಕಟ್ಟಿಕೊಂಡಿದ್ದರೆ ಅದು ಇನ್ನೂ ಕಷ್ಟ. ಆದ್ದರಿಂದ ಹೂಳೆತ್ತುವ ಕೆಲಸ ಕೆಳಗಿನಿಂದ ಮೇಲಕ್ಕೆ ನಡೆಯಬೇಕು: ಮೊದಲು ನಾಲಾದ ಬಾಯಿ, ಅನಂತರ ನಾಲಾ, ಆಮೇಲೆ ದೊಡ್ಡ ಗಟಾರ, ಕೊನೆಗೆ ಓಣಿಯ ಗಟಾರ. ಬಹಳ ಕಡೆ ದೂರು ಬಂದ ಓಣಿಯಿಂದ ಕೆಲಸ ಆರಂಭಿಸುತ್ತಾರೆ. ದೂರು ಕೊಟ್ಟವರಿಗೆ ಆ ಹೊತ್ತಿಗೆ ಸಮಾಧಾನವಾಗುತ್ತದೆ, ಆದರೆ ಕೆಳಗೆ ದಾರಿಯಿಲ್ಲದ ನೀರು ಮುಂದಿನ ಬೀದಿಯ ಮನೆಗಳಿಗೆ ನುಗ್ಗುತ್ತದೆ.

ಮೇ ಕೊನೆಯ ವಾರ ಎಂಬ ಲೆಕ್ಕವೂ ಈಗ ನಡೆಯುವಂಥದ್ದಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳವನ್ನು ತಲುಪಿ, ನಮ್ಮ ಕರಾವಳಿಗೂ ಬೆನ್ನಿಗೇ ಬಂತು. ಜೂನ್ ಮೊದಲ ವಾರವನ್ನು ನಂಬಿ ಕುಳಿತವರಿಗೆ ಸಮಯವೇ ಸಿಗಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಕೆಲಸ ಆರಂಭವಾಗಬೇಕಾದರೆ ಅದರ ಟೆಂಡರ್ ಜನವರಿಯಲ್ಲಿ ಆಗಬೇಕು, ಅದಕ್ಕೆ ಹಿಂದಿನ ಡಿಸೆಂಬರಿನ ಸಭೆಯಲ್ಲಿ ಠರಾವು ಆಗಬೇಕು. ಮೇ ತಿಂಗಳಲ್ಲಿ ಸಲಿಕೆ ಹಿಡಿದು ಬಂದ ಕಾರ್ಮಿಕರನ್ನು ಕೇಳಿ ಏನೂ ಪ್ರಯೋಜನವಿಲ್ಲ. ಡಿಸೆಂಬರಿನಲ್ಲಿ ನಿಮ್ಮ ವಾರ್ಡಿನ ಸದಸ್ಯರನ್ನೂ ಪೌರಾಯುಕ್ತರನ್ನೂ ಕೇಳಬೇಕು.

ಎತ್ತಿದ ಹೂಳನ್ನು ಅಲ್ಲೇ ಬಿಡುವುದಕ್ಕೆ ಎರಡು ಕಾರಣಗಳಿವೆ. ಹಸಿ ಹೂಳು ಭಾರ ಹೆಚ್ಚು, ಟ್ರ್ಯಾಕ್ಟರಿನಲ್ಲಿ ಒಯ್ಯುವಾಗ ದಾರಿಯುದ್ದಕ್ಕೂ ಸೋರುತ್ತದೆ ಎಂದು ಒಂದೆರಡು ದಿನ ಒಣಗಲು ಬಿಡುವುದು ವಾಡಿಕೆ. ಇದು ಒಪ್ಪತಕ್ಕ ಕಾರಣ. ಎರಡನೆಯ ಕಾರಣವನ್ನು ಒಪ್ಪಲಾಗದು: ಅಂದಾಜುಪಟ್ಟಿಯಲ್ಲಿ ಹೂಳೆತ್ತುವ ದರ ಇರುತ್ತದೆ, ಸಾಗಿಸುವ ದರ ಇರುವುದಿಲ್ಲ, ಅಥವಾ ಇದ್ದರೂ ಗಟಾರದ ಉದ್ದವನ್ನಷ್ಟೇ ಅಳೆದು ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಮಾಡುತ್ತಾರೆ. ಸಾಗಿಸಿದ ಹೂಳಿನ ಲೆಕ್ಕವನ್ನೂ ಆ ಪುಸ್ತಕದಲ್ಲಿ ಸೇರಿಸಿ, ಎಲ್ಲಿ ಸುರಿದರು ಎಂಬುದನ್ನೂ ನಮೂದಿಸಿದರೆ ಮಾತ್ರ ಹಣ ಪಾವತಿ ಎಂಬ ಷರತ್ತು ಟೆಂಡರಿನಲ್ಲಿ ಇರಬೇಕು. ಇದಕ್ಕೆ ಹೊಸ ಕಾನೂನು ಬೇಡ, ಬೆಂಗಳೂರಿನ ಅನುಮತಿಯೂ ಬೇಡ. ಒಂದು ಸಾಲು ಸೇರಿಸಿದರೆ ಸಾಕು. ಅಳತೆ ಪುಸ್ತಕದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಿ ಪಡೆಯಬಹುದು. 30 ದಿನಗಳೊಳಗೆ ಕೊಡುವುದು ಕಚೇರಿಯ ಕರ್ತವ್ಯ.

ಪ್ರಶ್ನೆ: ಇಷ್ಟು ಮಳೆ ಬೀಳುವ ಶಿರಸಿಯಲ್ಲಿ ಏಪ್ರಿಲ್ ಬಂತೆಂದರೆ ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಮಾರಿಕಾಂಬಾ ಜಾತ್ರೆಯ ವರ್ಷವಂತೂ ಹೇಳುವುದೇ ಬೇಡ. ಬೀದಿಗೊಂದು ಕಮಾನು, ವೃತ್ತಕ್ಕೊಂದು ಕಾರಂಜಿ ಕಟ್ಟುವುದಕ್ಕಿಂತ ಮೊದಲು ನೀರು ಕೊಡಬಾರದೆ? — ಗೃಹಿಣಿ, ಮರಾಠಿಕೊಪ್ಪ, ಶಿರಸಿ

ಕೊಡಬೇಕು. ನಿಮ್ಮ ಮಾತಿಗೆ ಕಾನೂನಿನ ಬೆಂಬಲವೂ ಇದೆ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಸ್ಥಳೀಯ ಸಂಸ್ಥೆಯ ಕೆಲಸಗಳನ್ನು ಎರಡಾಗಿ ವಿಂಗಡಿಸಿದೆ. 87ನೇ ಪ್ರಕರಣದಲ್ಲಿ ಮಾಡಲೇಬೇಕಾದ ಕರ್ತವ್ಯಗಳಿವೆ: ಬೀದಿ ದೀಪ, ಬೀದಿ ಮತ್ತು ಗಟಾರಗಳ ಸ್ವಚ್ಛತೆ, ಕುಡಿಯುವ ನೀರು, ಜನನ-ಮರಣ ನೋಂದಣಿ ಮುಂತಾದವು. 91ನೇ ಪ್ರಕರಣದಲ್ಲಿ ಅನುಕೂಲವಿದ್ದರೆ ಮಾಡಬಹುದಾದ ಕೆಲಸಗಳಿವೆ. ಉದ್ಯಾನ, ವಾಚನಾಲಯದಂಥವು ಆ ಪಟ್ಟಿಯಲ್ಲಿ ಬರುತ್ತವೆ. ಉದ್ಯಾನ ಬೇಡವೆಂದು ಇದರ ಅರ್ಥವಲ್ಲ. ಆದರೆ ಕೈಯಲ್ಲಿರುವ ಹಣ ಎರಡಕ್ಕೂ ಸಾಲದಿದ್ದಾಗ ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗೆ ಶಾಸನವೇ ಉತ್ತರ ಹೇಳಿದೆ.

ಇನ್ನು ಶಿರಸಿಯ ನೀರಿನ ವಿಚಾರ. ಪೇಟೆಗೆ ನೀರು ಬರುವುದು ಮುಖ್ಯವಾಗಿ ಕೆಂಗ್ರೆ ಮತ್ತು ಮಾರಿಗದ್ದೆಯ ಹೊಳೆಗಳಿಂದ, ಪಂಪ್ ಮಾಡಿ. ಶಿರಸಿ ಘಟ್ಟದ ಮೇಲಿನ ಊರು. ಸಮುದ್ರಮಟ್ಟದಿಂದ ಸುಮಾರು 600 ಮೀಟರಿನ ಆಸುಪಾಸಿನಲ್ಲಿದೆ. ಅಘನಾಶಿನಿಯ ಒಂದು ಮೂಲವೆಂದು ಜನ ಗೌರವಿಸುವ ಶಂಕರಹೊಂಡ ಇರುವುದು ಪೇಟೆಯೊಳಗೇ. ನದಿ ಹುಟ್ಟುವ ಜಾಗದಲ್ಲಿ ಇರುವವರಿಗೆ ನದಿ ಇನ್ನೂ ತೊರೆಯಾಗಿರುವಾಗಲೇ ಸಿಗುವುದು. ಬೇಸಿಗೆಯ ಕೊನೆಯಲ್ಲಿ ಮೊದಲು ಬಡವಾಗುವುದು ಇಂಥ ತೊರೆಗಳೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆ ಹೆಚ್ಚುಭಾಗ ಅದೇ ತಿಂಗಳುಗಳಲ್ಲಿ ಘಟ್ಟ ಇಳಿದು ಸಮುದ್ರ ಸೇರಿಬಿಡುತ್ತದೆ. ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ-ಮಾರ್ಚ್‌ನಲ್ಲಿ ನಡೆಯುತ್ತದೆ. ಲಕ್ಷಾಂತರ ಜನ ಬಂದುಹೋದ ಬೆನ್ನಿಗೇ ಬಿರುಬೇಸಿಗೆ. ಆದ್ದರಿಂದ ಜಾತ್ರೆಯ ವರ್ಷದ ಬಜೆಟ್ ಬೇರೆ ವರ್ಷದ ಬಜೆಟ್‌ನಂತೆ ಇರಲಾಗದು. ನೀರು, ಶೌಚಾಲಯ, ಕಸ ಸಾಗಣೆ ಈ ಮೂರಕ್ಕೆ ಹಿಂದಿನ ವರ್ಷವೇ ಹಣ ತೆಗೆದಿರಿಸಬೇಕು.

ನೀರಿಗೆ ಹಣ ಎಂದ ಕೂಡಲೇ ಹೊಸ ಮೂಲ, ಹೊಸ ಜಾಕ್‌ವೆಲ್ (ಹೊಳೆಯ ನೀರನ್ನು ಪಂಪ್ ಮಾಡುವ ಬಾವಿ), ಇಷ್ಟು ಕೋಟಿಯ ಯೋಜನೆ ಎಂಬ ಮಾತು ಬರುತ್ತದೆ. ನನ್ನ ಅಭಿಪ್ರಾಯ ಬೇರೆ. ಮೊದಲು ನೋಡಬೇಕಾದದ್ದು, ಪಂಪ್‌ಹೌಸಿನಿಂದ ಹೊರಟ ನೀರಿನಲ್ಲಿ ಎಷ್ಟು ಮನೆ ಮುಟ್ಟುತ್ತಿದೆ ಎಂಬುದನ್ನು. ಹಳೆಯ ಕೊಳವೆಗಳ ಜೋಡಣೆಯಲ್ಲಿ ಸೋರುವುದು, ಟ್ಯಾಂಕ್ ತುಂಬಿ ಹರಿದುಹೋಗುವುದು, ಮೀಟರ್ ಇಲ್ಲದ ಸಂಪರ್ಕಗಳು, ಮುಖ್ಯ ಕೊಳವೆಗೆ ನೇರವಾಗಿ ಮೋಟಾರ್ ಹಚ್ಚುವುದು—ಇವನ್ನು ತಡೆದಾಗ ಉಳಿಯುವ ನೀರಿಗೆ ಹೊಸದಾಗಿ ವಿದ್ಯುತ್ ಖರ್ಚಿಲ್ಲ, ಅರಣ್ಯದ ಅನುಮತಿ ಬೇಕಿಲ್ಲ, ಕೆಳಗಿನ ಊರಿನವರ ತಕರಾರಿಲ್ಲ. ನೀರು ಬಿಡುವ ವಾಲ್ವ್‌ಮನ್ ಯಾವ ಬೀದಿಯಲ್ಲಿ ಒತ್ತಡ ಬೀಳುತ್ತದೆ ಎಂಬುದನ್ನು ಬಾಯಿಪಾಠವಾಗಿ ಬಲ್ಲವರಾಗಿರುತ್ತಾರೆ. ಆ ಅನುಭವವನ್ನು ಬರೆದಿಟ್ಟುಕೊಂಡ ಕಚೇರಿಗಳು ಕಡಿಮೆ. ಅವರು ನಿವೃತ್ತರಾದ ದಿನ ಆ ತಿಳಿವಳಿಕೆಯೂ ಮನೆಗೆ ಹೋಗುತ್ತದೆ. ಪೇಟೆಯ ಕೆರೆಗಳಾದ ಕೋಟೆಕೆರೆ, ದೇವಿಕೆರೆಗಳಿಗೆ ಚರಂಡಿ ನೀರು ಸೇರದಂತೆ ಕಾಯುವುದನ್ನೂ ನೀರಿನ ಖಾತೆಯ ಕೆಲಸವೆಂದೇ ತಿಳಿಯಬೇಕು, ಏಕೆಂದರೆ ಸುತ್ತಲಿನ ಬಾವಿಗಳ ನೀರಿನ ಮಟ್ಟವೂ ಶುದ್ಧತೆಯೂ ಅದನ್ನು ಅವಲಂಬಿಸಿವೆ.

2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗವು ಇಂಥ ಊರುಗಳ ಅನುದಾನದಲ್ಲಿ ಶೇ 60ನ್ನು ಇಂಥದ್ದಕ್ಕೇ ಬಳಸಬೇಕೆಂಬ ಕಟ್ಟುಪಾಡಿನದಾಗಿಸಿ, ಅದರ ಅರ್ಧವನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ, ಇನ್ನರ್ಧವನ್ನು ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ ಮೀಸಲಿಟ್ಟಿತ್ತು. ಆ ಮೊತ್ತದಲ್ಲಿ ನಿಮ್ಮ ಪೇಟೆಯಲ್ಲಿ ಯಾವ ಕೆಲಸಗಳಾದವು ಎಂಬ ಪಟ್ಟಿಯನ್ನು ಕೇಳಿ. ಕಮಾನಿನ ವಿರುದ್ಧ ದೂರು ಕೊಡುವುದಕ್ಕಿಂತ ಅದು ಹೆಚ್ಚು ಫಲ ಕೊಡುತ್ತದೆ.

ಪ್ರಶ್ನೆ: ನಮ್ಮ ರಸ್ತೆಯ ದೀಪ ಕೆಟ್ಟಿದೆ. ನಗರಸಭೆಯವರು ವಿದ್ಯುತ್ ಕಂಪನಿ ಹೆಸ್ಕಾಂ ಎನ್ನುತ್ತಾರೆ, ಹೆಸ್ಕಾಂನವರು ನಗರಸಭೆ ಎನ್ನುತ್ತಾರೆ. ಹೆದ್ದಾರಿಯ ದೀಪದ ಬಗ್ಗೆ ಇಬ್ಬರೂ ಕೈಚೆಲ್ಲುತ್ತಾರೆ. ಯಾರನ್ನು ಕೇಳಬೇಕು? — ಅಂಗಡಿಕಾರರು, ಕೋಡಿಬಾಗ, ಕಾರವಾರ

ಕಂಬ ಮತ್ತು ತಂತಿ ಹೆಸ್ಕಾಂನದು, ಬೀದಿ ದೀಪ ಮತ್ತು ಅದರ ಬಿಲ್ ನಗರಸಭೆಯದು. ಒಂದೇ ದೀಪ ಆರಿದ್ದರೆ ನಗರಸಭೆಗೆ, ಸಾಲುದೀಪಗಳೆಲ್ಲ ಆರಿದ್ದರೆ ಅಥವಾ ತಂತಿ ಜೋತುಬಿದ್ದಿದ್ದರೆ ಹೆಸ್ಕಾಂಗೆ ತಿಳಿಸಿ. ಕಂಬದ ಮೇಲಿನ ಸಂಖ್ಯೆಯನ್ನು ಬರೆದುಕೊಟ್ಟರೆ ಎರಡೂ ಕಡೆ ಕೆಲಸ ಬೇಗ ಆಗುತ್ತದೆ. ರಾಷ್ಟ್ರೀಯ ಹೆದ್ದಾರಿ 66 ನಗರಸಭೆಯ ರಸ್ತೆಯಲ್ಲ. ಅದರ ದೀಪ, ಅದರ ಪಕ್ಕದ ಚರಂಡಿ, ಕಾಳಿ ನದಿಯ ಸೇತುವೆ ಎಲ್ಲವೂ ಹೆದ್ದಾರಿ ಪ್ರಾಧಿಕಾರದ ಹೊಣೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಕಾಳಿ ಸೇತುವೆ ಕುಸಿದಾಗ ಈ ಹೊಣೆಯ ಪ್ರಶ್ನೆ ಊರಿಗೇ ತಿಳಿಯಿತು. ಆದರೂ ಹೆದ್ದಾರಿಯ ಚರಂಡಿಯ ನೀರು ಬೀದಿಗೆ ನುಗ್ಗುತ್ತಿದ್ದರೆ ಪ್ರಾಧಿಕಾರಕ್ಕೆ ಬರೆದು, ಬೆನ್ನು ಹತ್ತಿ, ಜಿಲ್ಲಾಧಿಕಾರಿಗಳ ಸಭೆಯಲ್ಲಿ ವಿಷಯ ಎತ್ತುವುದು ನಗರಸಭೆಯ ಕರ್ತವ್ಯ. "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಹೇಳಿ ಅರ್ಜಿಯನ್ನು ಹಿಂದಿರುಗಿಸಿದರೆ ಆ ಕರ್ತವ್ಯ ಮುಗಿದಂತಾಗುವುದಿಲ್ಲ.

ಪ್ರಶ್ನೆ: ಸೌಲಭ್ಯ ಕೊಡದ ಪುರಸಭೆಗೆ ತೆರಿಗೆ ಏಕೆ ಕಟ್ಟಬೇಕು? ಕಟ್ಟಿದ ಹಣದಲ್ಲಿ ಎಷ್ಟು ನಮ್ಮ ಊರಿನಲ್ಲೇ ಉಳಿಯುತ್ತದೆ? — ಓದುಗರು, ಕುಮಟಾ

ಆಸ್ತಿ ತೆರಿಗೆ ಪೂರ್ತಿಯಾಗಿ ನಿಮ್ಮ ಪುರಸಭೆಯಲ್ಲೇ ಉಳಿಯುತ್ತದೆ. ರಸೀದಿಯಲ್ಲಿ ತೆರಿಗೆಯ ಜೊತೆಗೆ ಕಾಣುವ ಉಪಕರಗಳು ಮಾತ್ರ ಬೇರೆಡೆಗೆ ಹೋಗುತ್ತವೆ: ಶೇ 6ರ ಗ್ರಂಥಾಲಯ ಕರ ಗ್ರಂಥಾಲಯ ಪ್ರಾಧಿಕಾರಕ್ಕೆ, ಶೇ 3ರ ಭಿಕ್ಷುಕರ ಕರ ಭಿಕ್ಷುಕರ ಪರಿಹಾರ ನಿಧಿಗೆ. ಸ್ಥಳೀಯ ಸಂಸ್ಥೆ ಇವನ್ನು ವಸೂಲು ಮಾಡಿಕೊಡುತ್ತದೆ ಅಷ್ಟೆ.

ತೆರಿಗೆ ಕಟ್ಟದೆ ಪ್ರತಿಭಟಿಸುವ ಮಾತನ್ನು ಹಲವರು ಬರೆದಿದ್ದಾರೆ. ಅದರ ಪರಿಣಾಮವನ್ನು ಬಿಡಿಸಿ ಹೇಳಬೇಕು. ಅನುದಾನದ ಹಣವನ್ನು ಸರ್ಕಾರ ಹೇಳಿದ ಬಾಬ್ತಿಗೇ ಖರ್ಚು ಮಾಡಬೇಕು. ಸದಸ್ಯರು ಕೂತು ಚರ್ಚಿಸಿ, ನಮ್ಮ ಊರಿಗೆ ಇದು ಮೊದಲು ಎಂದು ತೀರ್ಮಾನಿಸಲು ಸಾಧ್ಯವಿರುವುದು ಸ್ವಂತ ನಿಧಿಯಲ್ಲಿ ಮಾತ್ರ. ಅದರಲ್ಲೂ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರ ಕಲ್ಯಾಣಕ್ಕೆ ಮೀಸಲಿದೆ. ಈ ಮೀಸಲು ನ್ಯಾಯವಾದದ್ದು. ಅದು ಸಕಾಲಕ್ಕೆ ಖರ್ಚಾಗದೆ ವರ್ಷದಿಂದ ವರ್ಷಕ್ಕೆ ಉಳಿದುಕೊಂಡು ಬರುವುದು ನಿಜವಾದ ಅನ್ಯಾಯ. ತೆರಿಗೆ ಬರದಿದ್ದರೆ ಮೊದಲು ನಿಲ್ಲುವುದು ಸೋರುವ ಕೊಳವೆಯ ದುರಸ್ತಿ, ಸುಟ್ಟ ಮೋಟಾರಿನ ರಿವೈಂಡಿಂಗ್, ಗಟಾರದ ಕೆಲಸ. ಕಮಾನು, ವೃತ್ತಗಳು ಅನುದಾನದಲ್ಲಿ ನಡೆಯುತ್ತಲೇ ಇರುತ್ತವೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5ರ ರಿಯಾಯಿತಿಯೂ ಇದೆ. ಕಟ್ಟಿ, ರಸೀದಿ ಹಿಡಿದು ಪ್ರಶ್ನಿಸಿ.

ಇದರ ಇನ್ನೊಂದು ಮುಖವೂ ಇದೆ. ಮಳಿಗೆಗಳ ಬಾಡಿಗೆ ಹಲವು ವರ್ಷ ಹಳೆಯ ದರದಲ್ಲೇ ನಿಂತಿರುವುದು, ಬಾಕಿ ಉಳಿಸಿಕೊಂಡ ದೊಡ್ಡ ಕಟ್ಟಡಗಳಿಗೆ ನೋಟಿಸು ಹೋಗದಿರುವುದು, ಸಣ್ಣ ಮನೆಯವರ ಬಾಗಿಲಿಗೆ ಮಾತ್ರ ಕರವಸೂಲಿಗಾರರು ಬರುವುದು ಅನೇಕ ಊರುಗಳ ಅನುಭವ. ದೊಡ್ಡ ಬಾಕಿದಾರರ ಪಟ್ಟಿಯನ್ನು ಸಭೆಯಲ್ಲಿ ಓದಿ ಹೇಳಬೇಕೆಂದು ಒತ್ತಾಯಿಸುವ ಹಕ್ಕು ತೆರಿಗೆ ಕಟ್ಟಿದವರಿಗೆ ಇದ್ದೇ ಇದೆ.

ಪ್ರಶ್ನೆ: ನಗರಸಭೆಯ ಮಾಸಿಕ ಸಭೆಯಲ್ಲಿ ನಿಜವಾಗಿ ನಡೆಯುವುದೇನು? ಪತ್ರಿಕೆಯಲ್ಲಿ ಗದ್ದಲದ ಸುದ್ದಿ ಬಿಟ್ಟು ಬೇರೇನೂ ಬರುವುದಿಲ್ಲ. — ಪದವಿ ವಿದ್ಯಾರ್ಥಿನಿ, ಶಿರಸಿ

ಕಾರವಾರಕ್ಕೂ ಶಿರಸಿಗೂ 31 ವಾರ್ಡುಗಳಿವೆ. ಚುನಾಯಿತ ಸದಸ್ಯರ ಜೊತೆಗೆ ಸರ್ಕಾರ ನಾಮನಿರ್ದೇಶನ ಮಾಡಿದವರೂ ಕ್ಷೇತ್ರದ ಶಾಸಕರು, ಸಂಸದರೂ ಸಭೆಯಲ್ಲಿರುತ್ತಾರೆ. ನಾಮನಿರ್ದೇಶಿತರಿಗೆ ಮತದಾನದ ಹಕ್ಕಿಲ್ಲ. ತಿಂಗಳಿಗೊಮ್ಮೆ ಸಾಮಾನ್ಯ ಸಭೆ ಸೇರಬೇಕೆಂಬುದು ನಿಯಮ. ಕಾರ್ಯಸೂಚಿ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ ರೀತಿ ಇರುತ್ತದೆ: ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು, ಹಿಂದಿನ ತಿಂಗಳ ಜಮಾ-ಖರ್ಚು, ಟೆಂಡರ್ ದರಗಳ ಮಂಜೂರಾತಿ, ಮಳಿಗೆ ಹರಾಜು, ಬಂದ ಅರ್ಜಿಗಳು, ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು".

ನೀವು ಗಮನವಿಟ್ಟು ನೋಡಬೇಕಾದ ಜಾಗಗಳು ಎರಡು. ಮೊದಲನೆಯದು ಜಮಾ-ಖರ್ಚು. ಬಹುತೇಕ ಸಭೆಗಳಲ್ಲಿ ಅದು "ಓದಲಾಗಿದೆ, ಒಪ್ಪಲಾಗಿದೆ" ಎಂದು ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ತಿಂಗಳ ಡೀಸೆಲ್ ಖರ್ಚು ಏಕೆ ಏರಿತು, ಬ್ಲೀಚಿಂಗ್ ಪುಡಿ ಎಷ್ಟು ಬಂತು, ಬಾಡಿಗೆ ಜೆಸಿಬಿ ಎಷ್ಟು ಗಂಟೆ ಓಡಿತು ಎಂದು ಒಬ್ಬ ಸದಸ್ಯರು ಕೇಳಿದರೂ ಸಾಕು, ಮುಂದಿನ ತಿಂಗಳ ಲೆಕ್ಕ ಜಾಗರೂಕತೆಯಿಂದ ಬರುತ್ತದೆ. ಎರಡನೆಯದು ಆ ಕೊನೆಯ ಸಾಲು. ಕಾರ್ಯಸೂಚಿಯಲ್ಲಿ ಮೊದಲೇ ತಿಳಿಸದೆ, ಸದಸ್ಯರು ಎದ್ದು ಹೊರಡುವ ಹೊತ್ತಿನಲ್ಲಿ ಮುಖ್ಯ ವಿಷಯಗಳು ಅಲ್ಲಿ ಠರಾವಾಗುವುದುಂಟು. ತುರ್ತಿಗೆ ಅವಕಾಶ ಬೇಕು ನಿಜ, ಆದರೆ ಹಣದ ಬಾಬ್ತನ್ನು ಆ ಸಾಲಿನಲ್ಲಿ ತರುವುದನ್ನು ಸದಸ್ಯರೆಲ್ಲರೂ ಪಕ್ಷಭೇದ ಮರೆತು ವಿರೋಧಿಸಬೇಕು.

ಸಭೆಯೇ ಇಲ್ಲದ ಕಾಲವನ್ನೂ ನಮ್ಮ ಊರುಗಳು ಕಂಡಿವೆ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಮತದಾನ ನಡೆದು ಸದಸ್ಯರು ಗೆದ್ದರು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ವ್ಯಾಜ್ಯದಿಂದಾಗಿ ಅಧ್ಯಕ್ಷರ ಆಯ್ಕೆ ನಡೆದದ್ದು ಎರಡು ವರ್ಷ ಕಳೆದ ಮೇಲೆ, 2020ರ ಕೊನೆಯಲ್ಲಿ. ಅಷ್ಟು ಕಾಲ ಆಡಳಿತಾಧಿಕಾರಿಗಳೇ ನಡೆಸಿದರು. ಅವರಲ್ಲಿ ದಕ್ಷರು ಇದ್ದರು, ಇರುತ್ತಾರೆ. ಆದರೆ ಯಾವ ಓಣಿಗೆ ಮೊದಲು ಎಂಬುದು ಹತ್ತಾರು ಜನರೆದುರು ವಾದವಾಗಿ ತೀರ್ಮಾನವಾಗಬೇಕಾದ ವಿಷಯ. ಕಡತದ ಮೇಲಿನ ಒಂದು ಸಹಿಯಲ್ಲಿ ಆ ವಾದಕ್ಕೆ ಜಾಗವಿಲ್ಲ. ನಗರ ಸ್ಥಳೀಯ ಸಂಸ್ಥೆಗಳ ಕುರಿತ ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಯಾದದ್ದು ಆ ವಾದ ಪ್ರತಿ ಊರಿನಲ್ಲೂ ನಡೆಯಲಿ ಎಂದೇ.

ಪ್ರಶ್ನೆ: ಮೀನಿನ ತ್ಯಾಜ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟರೆ ಕಸದ ಗಾಡಿಯವರು ಒಯ್ಯುವುದಿಲ್ಲ. ಮನೆಯಲ್ಲಿಟ್ಟರೆ ವಾಸನೆ. ಏನು ಮಾಡಬೇಕು? — ಓದುಗರು, ಕಾಜುಬಾಗ, ಕಾರವಾರ

ಅವರು ಒಯ್ಯದಿರುವುದು ಸರಿಯಾಗಿಯೇ ಇದೆ. ಕಸವನ್ನು ಮನೆಯಲ್ಲೇ ಬೇರ್ಪಡಿಸುವುದು ಘನತ್ಯಾಜ್ಯ ನಿರ್ವಹಣಾ ನಿಯಮಗಳಿಂದ ಕಡ್ಡಾಯವಾಗಿದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಮೀನಿನ ತಲೆ, ಸಿಪ್ಪೆಯನ್ನು ಗೊಬ್ಬರದ ಘಟಕದಲ್ಲಿ ಯಾರಾದರೂ ಕೈಯಿಂದ ಬಿಚ್ಚಿ ಬೇರ್ಪಡಿಸಬೇಕಾಗುತ್ತದೆ. ಆ ಕೈ ಯಾರದು ಎಂದು ಒಮ್ಮೆ ಯೋಚಿಸಿ. ಮುಚ್ಚಳವಿರುವ ಡಬ್ಬಿಯಲ್ಲಿ, ಚೀಲವಿಲ್ಲದೆ, ಹಸಿಕಸದ ಜೊತೆ ಕೊಡಿ. ಹಿತ್ತಲಿದ್ದವರು ತೆಂಗಿನ ಬುಡದಲ್ಲಿ ಆಳವಾಗಿ ಹೂಳುವುದು ಕರಾವಳಿಯ ಹಳೆಯ ರೂಢಿ, ಅದು ಈಗಲೂ ಒಳ್ಳೆಯದೇ.

ನಗರಸಭೆಯ ಪಾಲಿನ ಕೆಲಸವೂ ಇದೆ. ಮೀನು ತಿನ್ನುವ ಊರಿನಲ್ಲಿ ಹಸಿಕಸದ ಗಾಡಿ ದಿನ ಬಿಟ್ಟು ದಿನ ಬರುವಂತಿಲ್ಲ. ಭಾನುವಾರದ ಸಂತೆ ಮುಗಿದ ಸಂಜೆ ಪೇಟೆಗೆ ಪ್ರತ್ಯೇಕ ಪಾಳಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಬ್ಬರದ ಅಂಕಣಕ್ಕೆ ಮೇಲ್ಛಾವಣಿ ಇಲ್ಲದಿದ್ದರೆ ಹಸಿಕಸ ಕೊಳೆತು ರಸವಾಗಿ ಹರಿಯುತ್ತದೆಯೇ ಹೊರತು ಗೊಬ್ಬರವಾಗುವುದಿಲ್ಲ. ಕರಾವಳಿಯ ಘಟಕಗಳಿಗೆ ಬಯಲುಸೀಮೆಯ ನಕ್ಷೆಯನ್ನೇ ಬಳಸಿದರೆ ಹೀಗಾಗುವುದು ಖಂಡಿತ.

ಪೌರಕಾರ್ಮಿಕರ ಬಗ್ಗೆ ಕೇಳದಿದ್ದರೂ ಹೇಳಬೇಕು. 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬುದು ರಾಜ್ಯದ ಮಾನದಂಡ. ನಿವೃತ್ತಿಯಾದವರ ಜಾಗ ತುಂಬದಿದ್ದಾಗ ಉಳಿದವರು ಎರಡು ಬೀದಿಯ ಕೆಲಸ ಮಾಡುತ್ತಾರೆ. ಮಳೆಗಾಲಕ್ಕೆ ಮುಂಚೆ ರೇನ್‌ಕೋಟು, ಗಮ್‌ಬೂಟು ಕೈಸೇರುವುದು, ತಿಂಗಳ ಮೊದಲ ವಾರದಲ್ಲಿ ಸಂಬಳ ಆಗುವುದು, ಬೆಳಗಿನ ಉಪಾಹಾರ ತಿನ್ನಲು ಕುಳಿತುಕೊಳ್ಳುವ ಜಾಗ ಇರುವುದು ಯಾವ ನಗರಸಭೆಗೂ ಕಷ್ಟದ ಮಾತಲ್ಲ. ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದು, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ. ಖಾಸಗಿ ಮನೆ, ವಸತಿಗೃಹಗಳಿಗೂ ಅದು ಅನ್ವಯಿಸುತ್ತದೆ. ಸಕ್ಕಿಂಗ್ ಯಂತ್ರಕ್ಕೆ ಹಣ ಕಟ್ಟಿ ಸರದಿ ಕಾಯಬೇಕು, ಬೇರೆ ದಾರಿಯಿಲ್ಲ.

ಪ್ರಶ್ನೆ: ಬೀದಿ ನಾಯಿಗಳನ್ನು ಹಿಡಿದು ಊರ ಹೊರಗೆ ಬಿಡಿ ಎಂದರೆ ಆಗುವುದಿಲ್ಲ ಎನ್ನುತ್ತಾರೆ. ನಿಜವೇ? — ಓದುಗರು, ಹೊನ್ನಾವರ

ನಿಜ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂಬುದು ಸಾಮಾನ್ಯ ನಿಯಮ. ಊರ ಹೊರಗೆ ಬಿಟ್ಟರೆ ಆ ತೊಂದರೆ ಪಕ್ಕದ ಗ್ರಾಮ ಪಂಚಾಯಿತಿಯ ಪಾಲಾಗುತ್ತದೆ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ.

ಪ್ರಶ್ನೆ: ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರು ಹೋಗಬಹುದು ಎಂದು ಕೇಳಿದ್ದೇನೆ. ಹೋಗಿ ಏನು ಹೇಳಬೇಕು? ಹೇಳಿದ್ದು ಎಲ್ಲಿ ದಾಖಲಾಗುತ್ತದೆ? — ಯುವಕ, ಅಂಕೋಲಾ

ಹೋಗಬೇಕು. ಸ್ಥಳೀಯ ಸಂಸ್ಥೆಗಳ ಲೆಕ್ಕ ಮತ್ತು ಬಜೆಟ್ ಕುರಿತ 2006ರ ನಿಯಮಗಳು ಜನರೊಡನೆ ಸಮಾಲೋಚನೆಯನ್ನು ಬಜೆಟ್ ತಯಾರಿಯ ಭಾಗವನ್ನಾಗಿ ಮಾಡಿವೆ. ಸಾಮಾನ್ಯವಾಗಿ ಡಿಸೆಂಬರ್-ಜನವರಿಯ ಹೊತ್ತಿಗೆ ಸಭೆ ಕರೆಯುತ್ತಾರೆ. ಪ್ರಕಟಣೆ ಕಚೇರಿಯ ಫಲಕದಲ್ಲೂ ಸ್ಥಳೀಯ ಪತ್ರಿಕೆಯಲ್ಲೂ ಬರುತ್ತದೆ. ಈ ಸಭೆಗಳಿಗೆ ಬರುವವರು ಬೆರಳೆಣಿಕೆಯ ಜನ, ಬಂದವರಲ್ಲೂ ಹೆಚ್ಚಿನವರು ತಮ್ಮ ಮನೆಯ ಮುಂದಿನ ರಸ್ತೆಯ ಮಾತನ್ನಷ್ಟೇ ಆಡುತ್ತಾರೆ ಎಂಬುದು ಬೇಸರದ ಸಂಗತಿ.

ಬಾಯಿಮಾತಿನ ಜೊತೆ ಒಂದು ಪುಟದ ಮನವಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಟಪಾಲು ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. "ನಮ್ಮ ವಾರ್ಡನ್ನು ಅಭಿವೃದ್ಧಿಪಡಿಸಿ" ಎಂದು ಬರೆದರೆ ಅದನ್ನು ಬಜೆಟ್‌ನ ಯಾವ ಲೆಕ್ಕಶೀರ್ಷಿಕೆಗೂ, ಅಂದರೆ ಖರ್ಚಿನ ಬಾಬ್ತಿಗೂ, ಹಾಕಲು ಬರುವುದಿಲ್ಲ. ಯಾವ ಗಟಾರ, ಯಾರ ಅಂಗಡಿಯ ಪಕ್ಕದಿಂದ ಯಾವ ಮೋರಿಯವರೆಗೆ, ಅಂದಾಜು ಎಷ್ಟು ಮೀಟರ್, ಮಳೆಗಾಲದಲ್ಲಿ ಎಷ್ಟು ಮನೆಗಳಿಗೆ ನೀರು ನುಗ್ಗುತ್ತದೆ, ಹಿಂದೆ ಯಾವ ವರ್ಷ ದುರಸ್ತಿಯಾಗಿತ್ತು ಎಂದು ಬರೆಯಿರಿ. ಮಳೆಯ ದಿನ ತೆಗೆದ ಚಿತ್ರವಿದ್ದರೆ ಲಗತ್ತಿಸಿ. ಹೊಸ ಕೆಲಸ ಕೇಳುವುದಾದರೆ, ಅದು ಮುಗಿದ ಮೇಲೆ ವರ್ಷವರ್ಷ ಯಾರು ನೋಡಿಕೊಳ್ಳುತ್ತಾರೆ, ಅದಕ್ಕೆ ಹಣ ಎಲ್ಲಿಂದ ಎಂದು ನೀವೇ ಕೇಳಿ. ಕಟ್ಟಿದ ವರ್ಷವೇ ಬೀಗ ಬಿದ್ದ ಸಾರ್ವಜನಿಕ ಶೌಚಾಲಯಗಳನ್ನು ನಮ್ಮ ಬಸ್ ನಿಲ್ದಾಣಗಳ ಸುತ್ತ ಎಷ್ಟೋ ನೋಡಿದ್ದೇವೆ. ಕಟ್ಟುವ ಹಣವಿತ್ತು, ನೀರು ಬಿಡುವವರ ಸಂಬಳಕ್ಕೆ ಶೀರ್ಷಿಕೆ ಇರಲಿಲ್ಲ.

ಬಜೆಟ್ ಮಂಜೂರಾದ ನಂತರ ಅದರ ಪ್ರತಿ ಪಡೆದು, ನಿಮ್ಮ ಬೇಡಿಕೆ ಯಾವ ಬಾಬ್ತಿನಲ್ಲಿ ಬಂದಿದೆ ಎಂದು ಹುಡುಕಿ. ಬಂದಿದ್ದರೆ ಅದರ ಟೆಂಡರ್ ಯಾವಾಗ ಎಂದು ಆಗಸ್ಟ್‌ನಲ್ಲಿ ವಿಚಾರಿಸಿ. ಬಂದಿಲ್ಲವಾದರೆ ಕಾರಣವನ್ನು ಬರಹದಲ್ಲಿ ಕೇಳಿ, ಆ ಉತ್ತರವನ್ನೂ ಹಳೆಯ ಮನವಿಯನ್ನೂ ಜೋಡಿಸಿ ಮುಂದಿನ ಡಿಸೆಂಬರಿನ ಸಭೆಗೆ ಒಯ್ಯಿರಿ. ಅಷ್ಟರಲ್ಲಿ ನಿಮ್ಮ ಓಣಿಯ ಇನ್ನೂ ನಾಲ್ಕು ಜನರು ಜೊತೆಗೆ ಬರುವಂತಾದರೆ, ಮುಖ್ಯಾಧಿಕಾರಿಗಳು ಆ ಮನವಿಯನ್ನು ಪಕ್ಕಕ್ಕಿಡುವುದು ಸುಲಭವಲ್ಲ.